ಟ್ಯಾಬ್ ಕೊಳ್ಳುವ ಮುನ್ನ ಒಂದು ಪಟ್ಟಿ

ಹತ್ತು ವರ್ಷ ದುಡಿದ ಲ್ಯಾಪ್‌ಟಾಪ್ ಕೈಕೊಟ್ಟಾಗ ಮಧ್ಯಮ ವರ್ಗದ ಮನೆಗಳಲ್ಲಿ ಮೊದಲು ಕೇಳಿಬರುವ ಸಲಹೆ, ‘ಅದರ ಬದಲು ಒಂದು ಟ್ಯಾಬ್ ತಂದರೆ ಸಾಲದೆ?’ ಎಂಬುದು. ಕಳೆದ ತಿಂಗಳು ನಮ್ಮ ಮನೆಯಲ್ಲೂ ಈ ಚರ್ಚೆ ನಡೆಯಿತು. ಹತ್ತನೆಯ ತರಗತಿಯ ಮಗನಿಗೆ ಅದು ಬೇಕೇ ಬೇಕು. ಸಣ್ಣ ಅಂಗಡಿಗಳ ಲೆಕ್ಕಪತ್ರವನ್ನು ಮನೆಯಿಂದಲೇ ನೋಡಿಕೊಳ್ಳುವ ಪತ್ನಿಗೆ ಅನುಮಾನ. ಎಪ್ಪತ್ತೆಂಟರ ತಾಯಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೈಯಲ್ಲಿದ್ದ ಹಣವಾದರೋ ಒಂದು ಖರೀದಿಗೆ ಮಾತ್ರ ಸಾಲುವಂತಿತ್ತು.

2010ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಪ್ಯಾಡ್ ಅನ್ನು ಲೋಕಕ್ಕೆ ಪರಿಚಯಿಸುವಾಗ, ಫೋನ್ ಮತ್ತು ಲ್ಯಾಪ್‌ಟಾಪ್‌ಗಳ ನಡುವೆ ಮೂರನೆಯ ಸಾಧನವೊಂದಕ್ಕೆ ಸ್ಥಳ ದೊರೆಯಬೇಕಾದರೆ ಅದು ಕೆಲವು ಕೆಲಸಗಳನ್ನು ಅವೆರಡಕ್ಕಿಂತ ಚೆನ್ನಾಗಿ ಮಾಡಬೇಕು ಎಂದಿದ್ದರು. ಅಂತರ್ಜಾಲ ವೀಕ್ಷಣೆ, ಇಮೇಲ್, ಚಿತ್ರ, ವಿಡಿಯೊ, ಸಂಗೀತ, ಆಟ, ಇ-ಪುಸ್ತಕ ಇವೇ ಅವರ ಪಟ್ಟಿಯಲ್ಲಿದ್ದ ಕೆಲಸಗಳು. ಇಮೇಲ್ ಒಂದನ್ನು ಬಿಟ್ಟರೆ ಉಳಿದುವೆಲ್ಲ ನೋಡುವ, ಕೇಳುವ, ಓದುವ, ಆಡುವ ಸಂಗತಿಗಳೇ. ಆ ಬಳಿಕ ಟ್ಯಾಬ್ ಬಹಳಷ್ಟು ಕಲಿತಿದೆ. ಆದರೂ ಅದರ ಮೂಲ ಸ್ವಭಾವ ಇಂದಿಗೂ ಇದೇ.

ಈ ಸ್ವಭಾವ ನಮ್ಮ ಮನೆಗೆ ಹೊಂದುವುದೇ ಎಂದು ತಿಳಿಯಲು ಒಂದು ವಾರ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದೆವು: ಎಡಕ್ಕೆ ನೋಡುವ ಕೆಲಸ, ಬಲಕ್ಕೆ ರಚಿಸುವ ಕೆಲಸ. ಎಡಬದಿ ಬೇಗನೆ ತುಂಬಿತಾದರೂ ಅದರಲ್ಲಿ ಬಹುಪಾಲನ್ನು ಜೇಬಿನ ಫೋನ್ ಆಗಲೇ ಮಾಡುತ್ತಿತ್ತು. ಬಲಬದಿಯಲ್ಲಿ ಬಂದದ್ದು ಪತ್ನಿಯ ಲೆಕ್ಕಪತ್ರ, ಮಗನ ಶಾಲೆಯ ಪ್ರಾಜೆಕ್ಟ್ ವರದಿ, ಬಡಾವಣೆಯ ಸಂಘದ ಸೂಚನಾಪತ್ರ. ಪತ್ನಿ ಬಳಸುವ ಟ್ಯಾಲಿ ವಿಂಡೋಸ್‌ಗಾಗಿ ರೂಪುಗೊಂಡ ತಂತ್ರಾಂಶ. ಆಂಡ್ರಾಯ್ಡ್ ಟ್ಯಾಬಿನಲ್ಲಾಗಲಿ ಐಪ್ಯಾಡಿನಲ್ಲಾಗಲಿ ಅದನ್ನು ನೇರವಾಗಿ ಅಳವಡಿಸಲು ಬರುವುದಿಲ್ಲ. ಸಂಘದ ಹಳೆಯ ಕಡತಗಳು ಯೂನಿಕೋಡ್ ಪೂರ್ವದ ಅಕ್ಷರ ವಿನ್ಯಾಸದಲ್ಲಿದ್ದು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೋರುತ್ತವೆ.

ಟ್ಯಾಬಿಗೂ ಕೀಲಿಮಣೆ ಜೋಡಿಸಬಹುದಲ್ಲ ಎಂಬ ವಾದ ಸರಿಯೇ. ಆದರೆ ಕೀಲಿಮಣೆ, ಪೆನ್ನು, ಕವಚಗಳನ್ನೆಲ್ಲ ಸೇರಿಸಿದರೆ ಒಳ್ಳೆಯ ಟ್ಯಾಬಿನ ಬೆಲೆ ಸಾಧಾರಣ ಲ್ಯಾಪ್‌ಟಾಪ್‌ನ ಬೆಲೆಯನ್ನು ಮುಟ್ಟುತ್ತದೆ. ಇನ್ನು ತೀರಾ ಅಗ್ಗದ ಟ್ಯಾಬ್‌ಗಳಿಗೆ ಮನಸೋಲುವವರು 2011ರ ‘ಆಕಾಶ್’ ಅನ್ನು ನೆನೆಯಬೇಕು. ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ ಸುಮಾರು 2,250 ರೂಪಾಯಿ ದರದಲ್ಲಿ ಖರೀದಿಸಿದ ಆ ಟ್ಯಾಬಿನ ಉದ್ದೇಶ ಉದಾತ್ತವಾಗಿತ್ತು. ಮಂದಗತಿಯ ಸಂಸ್ಕಾರಕ, ಸ್ಪರ್ಶಕ್ಕೆ ತಡವಾಗಿ ಸ್ಪಂದಿಸುವ ಪರದೆ, ಬೇಗ ಬರಿದಾಗುವ ಬ್ಯಾಟರಿಗಳ ಬಗೆಗಿನ ದೂರುಗಳು ಆ ಉತ್ಸಾಹವನ್ನು ತಣ್ಣಗಾಗಿಸಿದವು. ಯಾವ ಟ್ಯಾಬ್ ಕೊಳ್ಳುವಾಗಲೂ ಭದ್ರತಾ ಪರಿಷ್ಕರಣೆಗಳು ಎಷ್ಟು ವರ್ಷ ದೊರೆಯುತ್ತವೆಂದು ಕೇಳುವುದು ವಿವೇಕ. ಅವು ನಿಂತ ಕೆಲವೇ ವರ್ಷಗಳಲ್ಲಿ ಗಾಜಿನ ಮೇಲೆ ಒಂದು ಗೀರಿಲ್ಲದಿದ್ದರೂ ಬ್ಯಾಂಕಿನ ಆ್ಯಪ್ ತೆರೆಯಲು ನಿರಾಕರಿಸಬಹುದು.

ಮಕ್ಕಳ ವಿಷಯದಲ್ಲಿ ಮಾತು ಇನ್ನಷ್ಟು ಗಂಭೀರವಾದುದು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಎಷ್ಟೋ ಮಕ್ಕಳು ಪಾಠವನ್ನು ಪರದೆಯಲ್ಲಿ ನೋಡಿದರು. ಉತ್ತರವನ್ನು ಮಾತ್ರ ನೋಟುಪುಸ್ತಕದಲ್ಲಿ ಬರೆದು, ಫೋಟೊ ತೆಗೆದು ಕಳುಹಿಸಿದರು. ನೋಡಲಷ್ಟೇ ಸಲೀಸಾದ ಯಂತ್ರದ ಮುಂದೆ ಬೆಳೆಯುವ ಮಗು ಒಳ್ಳೆಯ ಪ್ರೇಕ್ಷಕನಾಗುತ್ತದೆ. ಎರಡು ಪುಟದ ಬರಹವನ್ನು ಅಚ್ಚುಕಟ್ಟಾಗಿ ಬೆರಳಚ್ಚಿಸಿ ತಿದ್ದುವುದು, ಕಡತಗಳನ್ನು ಓರಣವಾಗಿಡುವುದು, ನಾಲ್ಕು ಸಾಲಿನ ಪ್ರೋಗ್ರಾಂ ಬರೆಯುವುದು, ಇವೆಲ್ಲ ಅದಕ್ಕೆ ಹೊರಗಿನವಾಗಿಯೇ ಉಳಿಯುತ್ತವೆ. ಮನೆಯಲ್ಲಿರುವುದು ಒಂದೇ ಗಣಕವಾದರೆ ಅದು ಟ್ಯಾಬ್ ಆಗಬಾರದು ಎಂಬ ನನ್ನ ನಿಲುವಿಗೆ ಇದೇ ಕಾರಣ.

ಹಾಗೆಂದು ಟ್ಯಾಬ್ ವ್ಯರ್ಥವೆಂದಲ್ಲ. ಪಟ್ಟಿಯನ್ನು ಮತ್ತೊಮ್ಮೆ ನೋಡಿದಾಗ ಬಲಬದಿಯಲ್ಲಿ ಒಂದೂ ಕೆಲಸವಿಲ್ಲದ, ಫೋನಿನಿಂದ ಎಡಬದಿಯ ಕೆಲಸವೂ ಆಗದ ಒಬ್ಬರಿದ್ದರು: ನನ್ನ ತಾಯಿ. ಕಣ್ಣಿನ ತೊಂದರೆಯಿಂದ ಅವರು ಕಾದಂಬರಿ ಓದುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಇ-ಪುಸ್ತಕದ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳ ಪುಟಗಳು ಫೋನಿನಲ್ಲಿ ಇರುವೆಸಾಲಾಗುತ್ತವೆ, ಹತ್ತು ಅಂಗುಲದ ಪರದೆಯಲ್ಲಿ ಓದಬಲ್ಲ ಪುಟಗಳಾಗುತ್ತವೆ.

ಕೊನೆಗೆ ಹಳೆಯ ಲ್ಯಾಪ್‌ಟಾಪನ್ನು ಎಸ್.ಪಿ. ರಸ್ತೆಗೆ ಒಯ್ದು ಬ್ಯಾಟರಿಯನ್ನೂ ಡಿಸ್ಕನ್ನೂ ಬದಲಿಸಿದೆವು. ಉಳಿದ ಹಣದಲ್ಲಿ ಒಂದು ಸಾಧಾರಣ ಟ್ಯಾಬ್ ಬಂದು ತಾಯಿಯ ಮಂಚದ ಬದಿಗೆ ಸೇರಿತು. ಮಗ ಎರಡು ದಿನ ಮುನಿಸಿಕೊಂಡಿದ್ದ. ಈಗ ಸಂಜೆಯ ಹೊತ್ತು ಅಜ್ಜಿಗೆ ಪುಸ್ತಕ ಹುಡುಕಿ ಕೊಡುವ ಕೆಲಸ ಅವನದೇ.

ಟ್ಯಾಬ್ ಮನೆಗೆ ಬೇಕೇ ಎಂದು ಕೇಳುವುದಕ್ಕಿಂತ ಮನೆಯಲ್ಲಿ ಯಾರಿಗೆ ಬೇಕು ಎಂದು ಕೇಳುವುದು ಲೇಸು. ಅಂಗಡಿಯಾತ ಆ ಪ್ರಶ್ನೆ ಕೇಳುವುದಿಲ್ಲ. ಕ್ಯಾಲೆಂಡರಿನ ಹಿಂಬದಿ ಕೇಳುತ್ತದೆ.