ಅಕ್ಷರ ಸರಿಯಿದ್ದರೆ ಸಾಕೇ?

ಸಿಂಗರ್ ಎಂದರೆ ನಮಗೆ ಹೊಲಿಗೆ ಯಂತ್ರ. ಅದೇ ಕಂಪನಿ ಪಿಸ್ತೂಲನ್ನೂ ಮಾಡಿತ್ತು ಎಂದರೆ ನಮ್ಮೂರ ದರ್ಜಿಗಳು ನಗಬಹುದು. ಎರಡನೆಯ ಮಹಾಯುದ್ಧಕ್ಕೆ ಇಳಿಯುವ ಮುನ್ನ ಅಮೆರಿಕದ ಸೇನೆ, ಆಯುಧ ಮಾಡಿ ಗೊತ್ತಿಲ್ಲದ ಕಾರ್ಖಾನೆಗಳಿಗೂ ಕೈ ಪಳಗಲಿ ಎಂದು ಸಣ್ಣ ಆರ್ಡರುಗಳನ್ನು ಕೊಟ್ಟು ನೋಡುತ್ತಿತ್ತು. ಹಾಗೆ ನ್ಯೂಜೆರ್ಸಿಯ ಎಲಿಜಬೆತ್ ಊರಿನ ಸಿಂಗರ್ ಕಾರ್ಖಾನೆಯಿಂದ 1941ರಲ್ಲಿ ಹೊರಬಂದದ್ದು ಎಂ1911ಎ1 ಮಾದರಿಯ 500 ಪಿಸ್ತೂಲು. ಸಂಖ್ಯೆ ಎಸ್800001ರಿಂದ ಎಸ್800500ರವರೆಗೆ. ಆಮೇಲೆ ಕಂಪನಿ ತೋಪುಗಳಿಗೆ ಗುರಿ ಹೊಂದಿಸುವ ಉಪಕರಣಗಳ ಕಡೆ ಹೊರಳಿತು. ಪಿಸ್ತೂಲಿನ ಕೆಲಸ ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್ ಮುಂತಾದವರ ಪಾಲಾಗಿ, ಅವರು ಲಕ್ಷಗಟ್ಟಲೆ ಮಾಡಿ ಕೊಟ್ಟರು. ಇವತ್ತು ರೆಮಿಂಗ್ಟನ್ ರ‍್ಯಾಂಡ್ ಪಿಸ್ತೂಲಿಗೆ ಹರಾಜಿನಲ್ಲಿ ಸಿಗುವುದು ಕೆಲವು ಸಾವಿರ ಡಾಲರ್. ಸಿಂಗರ್ ಪಿಸ್ತೂಲು ಲಕ್ಷ ಡಾಲರ್ ದಾಟಿದ್ದುಂಟು. ಒಳಗಿನ ಯಂತ್ರ ಒಂದೇ, ಹಾರುವ ಗುಂಡೂ ಒಂದೇ. ಬೆಲೆ ಕೂತಿರುವುದು ಸ್ಲೈಡಿನ ಎಡಮಗ್ಗುಲಿನ ಕಂಪನಿ ಹೆಸರಿನಲ್ಲಿ, ಚೌಕಟ್ಟಿನ ಮೇಲಿನ ಸಂಖ್ಯೆಯಲ್ಲಿ, ತಪಾಸಣಾಧಿಕಾರಿ ಜಾನ್ ಕೆ. ಕ್ಲೆಮೆಂಟ್ ಅವರ ‘ಜೆಕೆಸಿ’ ಎಂಬ ಮೂರು ಅಕ್ಷರದಲ್ಲಿ.

ಬೆಲೆ ಅಕ್ಷರಕ್ಕೇ ಅಂಟಿದ ಮೇಲೆ ಅಕ್ಷರ ಹೊಡೆಯುವವರು ಹುಟ್ಟದೆ ಇರುತ್ತಾರೆಯೇ? ಜರ್ಮನಿಯ ಲ್ಯೂಗರ್‌ಗೂ ಇದೇ ಪಾಡು. ಸಾಧಾರಣ ಲ್ಯೂಗರ್ ಪಿಸ್ತೂಲು (ಪಿ08) ಒಂದರ ಮೇಲೆ ಹೆಸರಾಂತ ತುಕಡಿಯ ಗುರುತೋ ಎಸ್‌ಎಸ್ ಪಡೆಯ ಮಿಂಚಿನ ಜೋಡಿಗೆರೆಯೋ ಇದೆಯೆಂದರೆ ಸಾಕು, ಕೊಳ್ಳುವವನ ಕಣ್ಣು ಅರಳುತ್ತದೆ. ಇಂಥ ಖೋಟಾ ಮುದ್ರೆ ಹಿಡಿಯಲು ಹಳೆಯ ಸಂಗ್ರಹಕಾರರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವೆಂದರೆ ಅಸಲಿ ಮುದ್ರೆಯ ಆಕಾರವನ್ನು ಬಾಯಿಪಾಠ ಮಾಡುವುದು. ಹದ್ದಿನ ರೆಕ್ಕೆ ಎಷ್ಟು ಅಗಲ, ನಾಲ್ಕರ ತುದಿ ತೆರೆದಿದೆಯೋ ಮುಚ್ಚಿದೆಯೋ, ಅಕ್ಷರದ ಕಾಲಿಗೆ ಕೊಂಡಿ ಇದೆಯೋ ಇಲ್ಲವೋ. ಅವರ ಅನುಭವದ ಬಗ್ಗೆ ನನಗೆ ಗೌರವವಿದೆ. ಆದರೂ ಕಟ್ಟಕಡೆಯಲ್ಲಿ ಕಲಿಸಬೇಕಾದ್ದನ್ನು ಅವರು ಮೊದಲು ಕಲಿಸುತ್ತಿದ್ದಾರೆ ಎಂದೇ ನನಗನ್ನಿಸುತ್ತದೆ.

ಯಾಕೆಂದರೆ ಖೋಟಾ ಮಾಡುವವನೂ ಮೊದಲು ಕಲಿಯುವುದು ಇದನ್ನೇ. ಮುದ್ರೆಗಳ ದೊಡ್ಡ ದೊಡ್ಡ ಚಿತ್ರ ಹಾಕಿದ ಸೊಗಸಾದ ಪುಸ್ತಕಗಳಿವೆ. ಸಂಗ್ರಹಕಾರ ಕೊಳ್ಳುವ ಪುಸ್ತಕವನ್ನು ಅವನೂ ದುಡ್ಡು ಕೊಟ್ಟೇ ಕೊಳ್ಳುತ್ತಾನೆ, ಮತ್ತು ಅವನಿಗೆ ಓದುವ ತುರ್ತು ಹೆಚ್ಚು. ಹೀಗಾಗಿ ಒಳ್ಳೆಯ ಖೋಟಾ ಮುದ್ರೆ ಅಸಲಿಗಿಂತ ಅಚ್ಚುಕಟ್ಟಾಗಿರುತ್ತದೆ. ಕೈಸರನ ಕಾಲದ ಲ್ಯೂಗರ್‌ನ ಹಿಡಿಯ ಮುಂಭಾಗದಲ್ಲಿ ರೆಜಿಮೆಂಟು, ಕಂಪನಿ, ಆಯುಧದ ಕ್ರಮಸಂಖ್ಯೆ ಇರುತ್ತವೆ. ಅವನ್ನು ಹೊಡೆಯುತ್ತಿದ್ದದ್ದು ರೆಜಿಮೆಂಟಿನ ಆಯುಧಗಾರ, ಒಂದೊಂದೇ ಅಚ್ಚು ಇಟ್ಟು, ಸುತ್ತಿಗೆಯಿಂದ, ಬಾಗಿದ ಮೇಲ್ಮೈಯ ಮೇಲೆ. ಒಂದು ಅಂಕಿ ಆಳ, ಪಕ್ಕದ್ದು ತೇಲಿದಂತೆ, ಚುಕ್ಕೆ ಎಲ್ಲೋ ಮೇಲೆ. ‘ಇಷ್ಟು ಸೊಟ್ಟಗಿದೆ, ಜರ್ಮನರು ಹೀಗೆ ಮಾಡಲಿಕ್ಕಿಲ್ಲ’ ಎನ್ನುವವರು ಜರ್ಮನರ ಶಿಸ್ತಿನ ಬಗ್ಗೆ ಕೇಳಿ ತಿಳಿದವರೇ ಹೊರತು, ಬೆಳಗಿನಿಂದ ಸಂಜೆವರೆಗೆ ಸುತ್ತಿಗೆ ಹಿಡಿದವನ ತೋಳನ್ನು ನೆನೆದವರಲ್ಲ. ಅಡಿಕೋಲಿಟ್ಟಂತೆ ಕೂತ ತುಕಡಿ ಗುರುತನ್ನು ಕಂಡರೆ ನನಗೆ ಅನುಮಾನ ಬರುತ್ತದೆ.

ಹಾಗಾದರೆ ನೋಡಬೇಕಾದದ್ದು ಯಾವುದನ್ನು? ಯಾವುದು ಮೊದಲು ಆಯಿತು, ಯಾವುದು ಆಮೇಲೆ ಆಯಿತು ಎಂಬುದನ್ನು. ಅಚ್ಚು ಹೊಡೆದಾಗ ಉಕ್ಕು ಎಲ್ಲಿಗೂ ಮಾಯವಾಗುವುದಿಲ್ಲ. ಪಕ್ಕಕ್ಕೆ ಸರಿದು ಅಕ್ಷರದ ಸುತ್ತ ಸಣ್ಣ ಏರಿಯಾಗಿ ಏಳುತ್ತದೆ. ಹೊಡೆದ ನಂತರ ಉಜ್ಜಿ ನಯಮಾಡಿ ಬಣ್ಣ ಕೊಟ್ಟಿದ್ದರೆ ಏರಿ ಸವೆದು ಸಪಾಟಾಗಿರುತ್ತದೆ, ಬಣ್ಣ ಅಕ್ಷರದ ತಳದವರೆಗೂ ಇಳಿದಿರುತ್ತದೆ. ಕೊರೆದ ಅಕ್ಷರಕ್ಕೆ ಏರಿಯೇ ಇಲ್ಲ, ಅಲ್ಲಿ ಲೋಹ ಕಿತ್ತುಹೋಗಿರುತ್ತದೆ. ಭೂತಗನ್ನಡಿ ಹಿಡಿದು, ದೀಪವನ್ನು ಓರೆಯಾಗಿಟ್ಟು, ಎಂಬತ್ತು ವರ್ಷದಲ್ಲಿ ಬಿದ್ದ ಒಂದು ಗೀರನ್ನು ಹಿಂಬಾಲಿಸಿ. ಗೀರು ಅಕ್ಷರದ ಅಂಚಿಗೆ ಬಂದು, ಏರಿಯನ್ನು ಸವರಿ, ಗುಂಡಿಯ ಮೇಲೆ ಹಾರಿ, ಆಚೆಯ ಅಂಚಿನಲ್ಲಿ ಮತ್ತೆ ಶುರುವಾದರೆ ಅಕ್ಷರ ಹಳೆಯದು, ಗೀರು ಆಮೇಲಿನದು. ಗೀರೇ ಅಂಚಿನಲ್ಲಿ ಬಾಗಿ ಅಕ್ಷರದೊಳಕ್ಕೆ ಜಗ್ಗಿದಂತಿದ್ದರೆ, ಗೀರು ಬಿದ್ದ ಮೇಲೆ ಯಾರೋ ಅಚ್ಚು ಹೊಡೆದಿದ್ದಾರೆ. ತುಕ್ಕು ತಿಂದ ಕುಳಿಯ ಮೇಲೆ ಅಕ್ಷರ ಕೂತಿದ್ದರೂ ಅಷ್ಟೇ. ಅಕ್ಷರದ ಆಕಾರ ಎಷ್ಟು ಸರಿಯಿದ್ದರೂ ಈ ಕ್ರಮವನ್ನು ತಿರುಗಿಸುವುದು ಬಲು ಕಷ್ಟ.

ಬಣ್ಣವೂ ಹೀಗೆ ಬಾಯಿಬಿಡುತ್ತದೆ. ಲ್ಯೂಗರ್ ಮಾಡುತ್ತಿದ್ದ ಮೌಸರ್ ಕಾರ್ಖಾನೆ 1937ರಲ್ಲಿ ಬಣ್ಣ ಕೊಡುವ ವಿಧಾನವನ್ನೇ ಬದಲಿಸಿತು. ಅದಕ್ಕೆ ಹಿಂದಿನ ಲ್ಯೂಗರ್‌ಗಳಲ್ಲಿ ಟ್ರಿಗರ್‌ನಂಥ ಸಣ್ಣ ಭಾಗಗಳು ಒಣಹುಲ್ಲಿನ ಬಣ್ಣದವು. 1936ರ ಪಿಸ್ತೂಲಿನಲ್ಲಿ ಅವೆಲ್ಲ ಕಡುಗಪ್ಪಾಗಿದ್ದರೆ, ಮುದ್ರೆ ನೋಡುವ ಮುಂಚೆಯೇ ಮಾರುವವರನ್ನು ಒಂದೆರಡು ಮಾತು ಕೇಳಬಹುದು.

ಕನ್ನಡ ಓದುಗರಿಗೆ ಈ ಜಗಳ ಹೊಸದಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಶಾಸನತಜ್ಞ ಜೆ. ಎಫ್. ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದರು, ಬಿ. ಎಲ್. ರೈಸ್ ಒಪ್ಪಲಿಲ್ಲ, ಮರ್ಕರಾ ತಾಮ್ರಪಟದ ವಿಷಯದಲ್ಲಂತೂ ಇಬ್ಬರೂ ಪಟ್ಟು ಬಿಡಲಿಲ್ಲ. ಅಲ್ಲಿ ಲಿಪಿಯ ಆಕಾರ ಬಲವಾದ ಸಾಕ್ಷಿಯೇ ಆಗಿತ್ತು. ಹತ್ತನೆಯ ಶತಮಾನದಲ್ಲಿ ಕೂತು ಐದನೆಯ ಶತಮಾನದ ಶಾಸನ ಹುಟ್ಟಿಸುವವನಿಗೆ ಐದನೆಯ ಶತಮಾನದ ಅಕ್ಷರ ನೆಟ್ಟಗೆ ಗೊತ್ತಿರಲಿಲ್ಲ. ಅವನ ಅಜ್ಞಾನವೇ ಲಿಪಿತಜ್ಞರ ಬಂಡವಾಳ. ಇವತ್ತಿನ ಪಿಸ್ತೂಲು ಖೋಟಾಗಾರನಿಗೆ ಆ ಅಜ್ಞಾನವಿಲ್ಲ. ಇನ್ನೊಂದು ಮಾತು. ಕೂಟವೆನಿಸಿದ ಪಟಗಳಲ್ಲಿ ಕೆಲವು, ಕಳೆದುಹೋದ ಅಸಲಿಯನ್ನು ನೋಡಿಯೋ ನೆನಪಿಟ್ಟೋ ಮತ್ತೆ ಬರೆಸಿದವು ಇರಬಹುದು. ಪಿಸ್ತೂಲಿನಲ್ಲೂ ಈ ಮೂರನೆಯ ಜಾತಿ ಇದೆ. ಯುದ್ಧದ ನಂತರ ಪೂರ್ವ ಜರ್ಮನಿಯ ಪೊಲೀಸರು ಹಳೆಯ ಲ್ಯೂಗರ್‌ಗಳನ್ನು ರಿಪೇರಿ ಮಾಡಿಸಿ, ಬಣ್ಣ ಹಾಕಿಸಿ, ಭಾಗಗಳಿಗೆ ಹೊಸ ಸಂಖ್ಯೆ ಹೊಡೆಸಿ ಬಳಸಿದರು. ಅದು ಕಾರ್ಖಾನೆಯ ಸ್ಥಿತಿಯಲ್ಲ, ಮೋಸವೂ ಅಲ್ಲ. ಅಸಲಿ, ಖೋಟಾ ಎಂಬ ಎರಡೇ ಡಬ್ಬಿ ಇಟ್ಟುಕೊಂಡವರು ಇದನ್ನು ಎಲ್ಲಿ ಹಾಕುತ್ತಾರೋ ತಿಳಿಯದು.

‘ಎಲ್ಲ ಭಾಗದ ಸಂಖ್ಯೆಯೂ ಹೊಂದುತ್ತದೆ’ ಎಂಬ ಮಾರಾಟದ ಮಾತೂ ನನ್ನನ್ನು ಒಲಿಸುವುದಿಲ್ಲ. ಯುದ್ಧದಲ್ಲಿ ಬಿಡಿಭಾಗ ಮುರಿಯುತ್ತದೆ, ಸಿಕ್ಕಿದ್ದನ್ನು ಹಾಕುತ್ತಾರೆ. ಒಂದೆರಡು ಭಾಗದ ಸಂಖ್ಯೆ ಹೊಂದದ ಲ್ಯೂಗರ್ ತನ್ನ ಕಥೆಯನ್ನು ಮುಚ್ಚಿಟ್ಟಿಲ್ಲ; ಎಲ್ಲ ಹೊಂದಿಕೊಂಡದ್ದರಲ್ಲಿ ಯಾವುದನ್ನು ಯಾವಾಗ ಹೊಂದಿಸಿದರು ಎಂದು ಹುಡುಕಬೇಕು. ಪಿಸ್ತೂಲು ಮಾಡುವ ಕೋಲ್ಟ್ ಕಂಪನಿಯ ದಫ್ತರದಿಂದ ತರಿಸಿದ ಪತ್ರಕ್ಕೂ ಮಿತಿಯಿದೆ. ಇಂಥ ಸಂಖ್ಯೆಯ ಪಿಸ್ತೂಲು ಇಂಥ ದಿನ ಇಂಥಲ್ಲಿಗೆ ಹೋಯಿತು ಎಂದು ಅದು ಹೇಳುತ್ತದೆ. ನಿಮ್ಮ ಕೈಲಿರುವುದು ಅದೇ ಪಿಸ್ತೂಲು ಎಂದು ಹೇಳಲು ಅದನ್ನು ಬರೆದವರು ನಿಮ್ಮ ಪಿಸ್ತೂಲನ್ನು ನೋಡಿಯೇ ಇರುವುದಿಲ್ಲ.

ಖೋಟಾಗಾರ ಯಾವ ಗುರುತು ಹೊಡೆಯುತ್ತಾನೆ ಎಂಬುದರ ಹಿಂದೆ ಕಾನೂನಿನ ಲೆಕ್ಕಾಚಾರವೂ ಉಂಟು. ಅಮೆರಿಕದಲ್ಲಿ ಕ್ರಮಸಂಖ್ಯೆ ತಿದ್ದಿದ ಬಂದೂಕನ್ನು ಇಟ್ಟುಕೊಳ್ಳುವುದು ಕೇಂದ್ರ ಸರ್ಕಾರದ ಕಾನೂನಿನಲ್ಲಿ ಅಪರಾಧ. (ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೆಯ ಕಲಂ ಇನ್ನೂ ಬಿಗಿ, ಹೆಸರನ್ನೂ ಬೇರೆ ಗುರುತನ್ನೂ ಸೇರಿಸಿ ಹೇಳುತ್ತದೆ.) ಆದ್ದರಿಂದ ಜಾಣನಾದವನು ಸಂಖ್ಯೆಯ ತಂಟೆಗೆ ಹೋಗದೆ ತುಕಡಿ ಗುರುತೋ ತಪಾಸಣೆ ಮುದ್ರೆಯೋ ಸೇರಿಸುತ್ತಾನೆ. ಎಂ1911ಎ1 ಪಿಸ್ತೂಲಿನಲ್ಲಿ ಸಂಖ್ಯೆ ಇರುವುದು ಚೌಕಟ್ಟಿನ ಮೇಲೆ, ಯುದ್ಧಕಾಲದ ಹೆಚ್ಚಿನ ಸ್ಲೈಡುಗಳ ಮೇಲಲ್ಲ. ಸಿಂಗರ್ ಹೆಸರಿನ ಸ್ಲೈಡ್ ಮಾತ್ರ ಒಂಟಿಯಾಗಿ ಎದುರಾದಾಗ ಇದು ನೆನಪಿರಲಿ.

ಅದಕ್ಕೇ, ಭೂತಗನ್ನಡಿಗೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ದುಡ್ಡಿನದು. ಈ ಒಂದು ಮುದ್ರೆಯನ್ನು ಮನಸ್ಸಿನಲ್ಲೇ ಅಳಿಸಿಬಿಟ್ಟರೆ ಉಳಿದ ಪಿಸ್ತೂಲಿನ ಬೆಲೆ ಎಷ್ಟು? ವ್ಯತ್ಯಾಸ ನೂರಿನ್ನೂರು ಡಾಲರ್ ಆದರೆ ಮೋಸಕ್ಕೆ ಯಾರೂ ಕೈಹಾಕಲಿಕ್ಕಿಲ್ಲ. ಹತ್ತು ಪಟ್ಟಾದರೆ ಮುದ್ರೆಯ ಹೇಳಿಕೆಯನ್ನು ಬದಿಗಿಟ್ಟು ಮಿಕ್ಕ ಸಾಕ್ಷಿ ಕೇಳಬೇಕು. ಅದಾದ ಮೇಲೆ ಬೇಕಾದರೆ ಅಕ್ಷರದ ಆಕಾರ ನೋಡಿ, ಆದರೆ ಪುಸ್ತಕದ ಚಿತ್ರದ ಜೊತೆಯಲ್ಲಲ್ಲ, ಅಕ್ಕಪಕ್ಕದ ಸಂಖ್ಯೆಯ ಪಿಸ್ತೂಲುಗಳ ಜೊತೆ. ಅಚ್ಚಿನ ಮೂಲೆ ಮುರಿದರೆ, ಅದನ್ನು ಬದಲಿಸುವತನಕ ಅದೇ ಮುರುಕು ಸಾಲಾಗಿ ಹಲವು ಪಿಸ್ತೂಲುಗಳ ಮೇಲೆ ಬೀಳುತ್ತದೆ. ಲ್ಯೂಗರ್‌ಗೆ ಇಂಥ ನೆರೆಹೊರೆಯವರು ಬೇಕಾದಷ್ಟು ಸಿಗುತ್ತಾರೆ. ಸಿಂಗರ್‌ನದು ಬರೀ 500ರ ಊರು, ಅದರಲ್ಲೂ ಎಷ್ಟೋ ಮನೆ ಖಾಲಿ. ಅಲ್ಲಿ ಕೆಲವು ಪಿಸ್ತೂಲುಗಳ ತೀರ್ಪು ಆಗದೆಯೇ ಉಳಿಯುತ್ತದೆ. ಹಾಗೆಂದು ಕ್ಯಾಟಲಾಗಿನಲ್ಲಿ ಒಂದು ಸಾಲು ಬರೆಯಲು ಹರಾಜು ಮನೆಗಳಿಗೆ ಅಡ್ಡಿಯೇನಿದೆಯೋ.