ಪ್ರಿಂಟರ್ ಪಾಠಕ್ಕೆ ಒಂದು ಗ್ರಾಫ್ ಹಾಳೆ

ಬೋಧನಾಭ್ಯಾಸದ ಎರಡನೆಯ ವಾರ ಎಂಟನೆಯ ತರಗತಿಗೆ ಪ್ರಿಂಟರ್‌ಗಳ ಪಾಠ ಮಾಡಿದೆ. ಕಪ್ಪು ಹಲಗೆಯ ಮೇಲೆ ಕೋಷ್ಟಕ ಬರೆದು, ಡಾಟ್ ಮ್ಯಾಟ್ರಿಕ್ಸನ್ನು ‘ಇಂಪ್ಯಾಕ್ಟ್ ಪ್ರಿಂಟರ್’ ಎಂಬ ಕಲಂನಲ್ಲಿ ಸೇರಿಸಿದೆ. ಮೌಲ್ಯಮಾಪನದ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಬಂತು. ಕೊನೆಗೆ ಒಬ್ಬ ಹುಡುಗಿ ಕೇಳಿದಳು: “ಮಿಸ್, ಅದರೊಳಗೆ ಎಲ್ಲ ಅಕ್ಷರಗಳ ಅಚ್ಚು ಇರುತ್ತಾ?” ನಾನು ತಡವರಿಸಿದೆ.

ಪಾಠದ ನಂತರದ ಚರ್ಚೆಯಲ್ಲಿ ಸಹಪಾಠಿಗಳು, “ಹಳೆಯ ಯಂತ್ರ, ಬಿಟ್ಟುಬಿಡಿ” ಎಂದರು. ನಾನು ಒಪ್ಪುವುದಿಲ್ಲ. ಬಿಡಬೇಕಾದದ್ದು ಕೋಷ್ಟಕದ ಬಾಯಿಪಾಠವನ್ನು, ಯಂತ್ರವನ್ನಲ್ಲ.

ಅದರೊಳಗೆ ಅಚ್ಚು ಇರುವುದಿಲ್ಲ. ಮುದ್ರಣದ ತಲೆಯಲ್ಲಿ ಒಂದರ ಕೆಳಗೊಂದು ಸಣ್ಣ ಪಿನ್ನುಗಳಿರುತ್ತವೆ. 1980ರಲ್ಲಿ ಬಂದ ಎಪ್ಸನ್ ಎಂಎಕ್ಸ್-80ರಲ್ಲಿ 9 ಇದ್ದವು. ತಂತಿಸುರುಳಿಯಲ್ಲಿ ವಿದ್ಯುತ್ ಹರಿದಾಗ ಕಾಂತಬಲದಿಂದ ಪಿನ್ ಚಿಮ್ಮಿ, ಮಸಿಯ ರಿಬ್ಬನ್ನನ್ನು ಕಾಗದಕ್ಕೆ ಬಡಿಯುತ್ತದೆ. ಒಂದು ಚುಕ್ಕೆ ಮೂಡುತ್ತದೆ. ತಲೆ ಅಡ್ಡಕ್ಕೆ ಸರಿಯುತ್ತ ಒಂದೊಂದೇ ಕಂಬಸಾಲು ಚುಕ್ಕೆ ಹಾಕುತ್ತದೆ. ಯಾವ ಸಾಲಿನಲ್ಲಿ ಯಾವ ಪಿನ್ ಹೊಡೆಯಬೇಕೆಂಬ ನಕ್ಷೆ ಮೆಮೊರಿಯಲ್ಲಿರುತ್ತದೆ.

ಮರುಪಾಠಕ್ಕೆ ಗ್ರಾಫ್ ಹಾಳೆ ಒಯ್ದೆ. 9 ಚೌಕ ಎತ್ತರದೊಳಗೆ ಚುಕ್ಕೆಯಿಟ್ಟು ‘ರ’, ‘ಗ’ ಬರೆಯಲು ಹೇಳಿದೆ. ಬರೆದರು. ಆಮೇಲೆ ‘ಅಕ್ಕ’ ಬರೆಯಿರಿ ಎಂದೆ. “ಒತ್ತಿಗೆ ಜಾಗವೇ ಇಲ್ಲ ಮಿಸ್!” ಅಕ್ಷರ ಕಿರಿದು ಮಾಡಿದರೆ ಓದಲಾಗಲಿಲ್ಲ. ಹಿಂದಿನ ಬೆಂಚಿನ ಹುಡುಗ, “ಕಾಗದ ಚೂರು ಮೇಲಕ್ಕೆ ಸರಿಸಿ ಇನ್ನೊಂದು ಸಲ ಹೊಡೆದರೆ?” ಎಂದ. ಇನ್ನೊಬ್ಬಳು, “ಪಿನ್ ಜಾಸ್ತಿ ಇಡಬೇಕು” ಎಂದಳು. ಇಬ್ಬರೂ ಸರಿ. 9 ಪಿನ್ನಿನ ಪ್ರಿಂಟರಿನಲ್ಲಿ ಕನ್ನಡದ ಸಾಲನ್ನು ಚಿತ್ರದಂತೆ ಒಂದಕ್ಕಿಂತ ಹೆಚ್ಚು ಓಟದಲ್ಲಿ ಮುದ್ರಿಸಬಹುದು. 24 ಪಿನ್ನಿನವೂ ಬಂದವು.

ಬಡಿಯುವುದರ ಲಾಭವನ್ನೂ ಅವರೇ ಹೇಳಿದರು: ಕಾರ್ಬನ್ ಇಟ್ಟರೆ ಕೆಳಗಿನ ಹಾಳೆಗೂ ಅಕ್ಷರ ಬೀಳುತ್ತದೆ. ಲೇಸರ್ ಪ್ರಿಂಟರಿಗೆ ಇದು ಆಗದು. ಬ್ಯಾಂಕಿನಲ್ಲಿ ಪಾಸ್‌ಬುಕ್ ಮುದ್ರಿಸುವಾಗ ಕರ್ರೆನ್ನುವ ಸದ್ದು ಏನೆಂದೂ ಗೊತ್ತಾಯಿತು.

ಇದಕ್ಕೆ ಒಂದು ಪೀರಿಯಡ್ ಹೆಚ್ಚು ಬೇಕಾಯಿತು, ನಿಜ. ಆದರೆ ಮೊದಲ ಪೀರಿಯಡ್ಡಿನಲ್ಲಿ ಮಕ್ಕಳು ಕಲಿತದ್ದು ಒಂದು ಹೆಸರು ಮಾತ್ರ. ಪಾಠಯೋಜನೆಯಲ್ಲಿ ‘ವರ್ಗೀಕರಿಸುವರು’ ಎಂದು ಬರೆಯುವ ಮೊದಲು ‘ಬಿಡಿಸಿ ನೋಡುವರು’ ಎಂದು ಬರೆಯೋಣ.