ಹಳಿಯಾಳದ ಕಥೆ ಬರಲಿ

ಈ ಸಂಚಿಕೆಯ ಹೆಚ್ಚಿನ ಪುಟಗಳು ಅಮೆರಿಕದ ಕಪ್ಪು ಲೇಖಕರ ಕಾದಂಬರಿಗಳಿಗೆ ಮೀಸಲು. ರಿಚರ್ಡ್ ರೈಟ್, ರಾಲ್ಫ್ ಎಲಿಸನ್, ಟೋನಿ ಮಾರಿಸನ್ ನಮ್ಮ ಓದುಗರಿಗೆ ಹೊಸಬರಲ್ಲ. ದಲಿತ-ಬಂಡಾಯದ ದಿನಗಳಿಂದಲೂ ಅವರನ್ನು ನಮ್ಮವರೆಂದೇ ಓದಿಕೊಂಡು ಬಂದಿದ್ದೇವೆ. ಆದರೆ ಅದೇ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದವರ ಮಕ್ಕಳು ಮೊಮ್ಮಕ್ಕಳು ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರದ ಕಾಡಂಚಿನ ಹಳ್ಳಿಗಳಲ್ಲಿದ್ದಾರೆ. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಸಂತತಿ ಇವರಲ್ಲಿ ದೊಡ್ಡದು. ಸಿದ್ದಿಗಳೆಂದು ಕರೆಸಿಕೊಳ್ಳುವ ಇವರ ಬಗ್ಗೆ ಬರೆದ ಅಧ್ಯಯನಗಳು ನಮ್ಮ ಮೇಜಿಗೆ ಆಗಾಗ ಬರುತ್ತವೆ. ಸಿದ್ದಿಗಳೇ ಬರೆದ ಕಥೆ ಬರುವುದು ತೀರ ಅಪರೂಪ. ಈ ಕೊರತೆ ನಮ್ಮನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಕಥೆಗೆ ವಸ್ತು ಇಲ್ಲವೆಂದಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಜಿಲ್ಲೆಯ ಗಡಿಯಾಚೆ ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳಲ್ಲಿದ್ದ ಅವರ ನೆಂಟರು 2020ರವರೆಗೆ ಕಾಯಬೇಕಾಯಿತು. ಹಳಿಯಾಳದ ಅಣ್ಣನ ಮಗನಿಗೆ ಪ್ರಮಾಣಪತ್ರ ಉಂಟು, ಖಾನಾಪುರಕ್ಕೆ ಕೊಟ್ಟ ತಂಗಿಯ ಮಗನಿಗೆ ಇಲ್ಲ. ಬಣ್ಣ ಅದೇ, ಕೂದಲು ಅದೇ, ಶಾಲೆಯಲ್ಲಿ ಕೇಳಿಸಿಕೊಂಡ ಮಾತೂ ಅದೇ. ಹದಿನೇಳು ವರ್ಷ ಹೀಗೆ ಕಳೆದ ಕುಟುಂಬದ ಒಳಗೆ ಹೊಕ್ಕು ನೋಡಿದರೆ ಅಮೆರಿಕದ ಯಾವ ಕಾದಂಬರಿಯಲ್ಲೂ ಸಿಗದ ಒಂದು ಲೋಕ ಸಿಗುತ್ತದೆ. ಅದರ ಮೇಲೆ ಒಂದೇ ಜನಾಂಗದೊಳಗೆ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ಮನೆಗಳು.

1987ರಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿಕೊಂಡು ಹೋಗಿ ಓಟ, ಜಿಗಿತ ಕಲಿಸಿತು. ಆಫ್ರಿಕಾದ ಮೈಕಟ್ಟು ಪದಕ ತರುತ್ತದೆಂಬ ಲೆಕ್ಕ ಅದರ ಹಿಂದಿತ್ತು. 1993ರ ಹೊತ್ತಿಗೆ ಯೋಜನೆಯನ್ನೇ ನಿಲ್ಲಿಸಿ ಮಕ್ಕಳನ್ನು ಊರಿಗೆ ಕಳಿಸಿದರು. ಸರ್ಕಾರಕ್ಕೆ ಕಂಡದ್ದು ಅವರ ಕಾಲು ಮಾತ್ರ. ಹಾಸ್ಟೆಲಿನಿಂದ ಟ್ರಂಕು ಹೊತ್ತು ಮರಳಿ ಬಂದ ಹುಡುಗಿಯೊಬ್ಬಳು ಮರುದಿನ ಬೆಳಿಗ್ಗೆ ಏನು ಮಾಡಿದಳು, ಯಾರ ಗದ್ದೆಗೆ ಕೂಲಿಗೆ ಹೋದಳು ಎಂಬುದನ್ನು ವರದಿಗಳು ಹೇಳುವುದಿಲ್ಲ. ಅದನ್ನು ಕಥೆಯೇ ಹೇಳಬೇಕು.

ರಂಗಭೂಮಿ ಈ ವಿಷಯದಲ್ಲಿ ನಮಗಿಂತ ಮೊದಲೇ ಎಚ್ಚೆತ್ತಿತು. ಎಂಬತ್ತರ ದಶಕದಲ್ಲೇ ನೀನಾಸಂ ಮಂಚಿಕೇರಿಯ ಸಿದ್ದಿಗಳ ಜೊತೆ, ಚಿನುವಾ ಅಚಿಬೆಯ ಕಾದಂಬರಿ ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ಆಡಿಸಿತು. ಚಿದಂಬರರಾವ್ ಜಂಬೆ ನಿರ್ದೇಶಿಸಿದ್ದರು. ಮುಂದೆ ಸಿದ್ದಿ ನಟರು, ಗಾಯಕರು ಕನ್ನಡದ ರಂಗಕ್ಕೆ ತಮ್ಮ ಹೆಸರಿನಿಂದಲೇ ಬಂದರು. ಅಲ್ಲಿ ಯಾರೋ ಹೋಗಿ, ಕೂತು, ಜೊತೆಗೆ ಕೆಲಸ ಮಾಡಿದ್ದರಿಂದ ಅದು ಸಾಧ್ಯವಾಯಿತು. ಪತ್ರಿಕೆಗಳು ಮಾಡಬೇಕಾದ್ದೂ ಅದೇ.

ಮಾರಿಸನ್ ಕಾದಂಬರಿಗಾರ್ತಿಯೆಂದು ಎಲ್ಲರಿಗೂ ಗೊತ್ತು, 1993ರಲ್ಲಿ ನೊಬೆಲ್ ಪಡೆದವರು. ನಮಗೆ ಅವರು ಸಂಪಾದಕಿಯಾಗಿಯೂ ದೊಡ್ಡವರು. ರ‍್ಯಾಂಡಮ್ ಹೌಸ್‌ನಲ್ಲಿ ಕೂತು ಕಪ್ಪು ಬರಹಗಾರರನ್ನು ಹುಡುಕಿ ಅಚ್ಚಿಗೆ ತಂದವರು ಅವರು. 1974ರಲ್ಲಿ ಅವರ ಕೈಯಿಂದ ಹೊರಬಂದ ‘ದಿ ಬ್ಲ್ಯಾಕ್ ಬುಕ್’ ಹಳೆಯ ಪತ್ರಿಕೆಯ ತುಣುಕು, ಚಿತ್ರ, ಜಾಹೀರಾತುಗಳ ಸಂಗ್ರಹ. ಆ ಕೆಲಸದ ನಡುವೆ ಕಣ್ಣಿಗೆ ಬಿದ್ದ ಮಾರ್ಗರೆಟ್ ಗಾರ್ನರ್ ಎಂಬ ಓಡಿಬಂದ ಗುಲಾಮ ತಾಯಿಯ ಸುದ್ದಿಯೇ 1987ರ ‘ಬಿಲವ್ಡ್’ಗೆ ಮೂಲವಾಯಿತು.

ಸಿದ್ದಿಗಳ ಮನೆಯಲ್ಲಿ ಕಾಗದದ ತುಣುಕು ಕಡಿಮೆ, ಬಟ್ಟೆಯ ತುಣುಕು ಹೆಚ್ಚು. ಹೆಂಗಸರು ಹಳೆ ಸೀರೆ, ಲಂಗ, ಅಂಗಿಗಳನ್ನು ಕತ್ತರಿಸಿ, ಅಂಚಿನಿಂದ ಹೊಲಿಯುತ್ತ ನಡುವಿಗೆ ಬಂದು ಕೌದಿ ಮುಗಿಸುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ಹೂ ಕೂರಿಸದಿದ್ದರೆ ಅದು ಬೆತ್ತಲೆ ಎನ್ನುತ್ತಾರೆ. ಈ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೆ ಹೋಗಿಬಂದಿವೆ. ಹೊಲಿದವರು ಹೊಲಿಯುತ್ತ ಆಡಿದ ಮಾತು ದಾಂಡೇಲಿ ದಾಟಿ ಬಂದಿಲ್ಲ.

ಆದ್ದರಿಂದ ಈ ಕರೆ. ಸಿದ್ದಿ ಹುಡುಗ ಹುಡುಗಿಯರು, ಹಿರಿಯರು ಕಥೆ, ನೆನಪು, ಏನಿದ್ದರೂ ಕಳಿಸಿ. ಕೊಂಕಣಿ, ಮರಾಠಿ ಬೆರೆತಿದ್ದರೆ ಹಾಗೆಯೇ ಅಚ್ಚಾಗುತ್ತದೆ, ತಿದ್ದುವುದಿಲ್ಲ. ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದದ್ದಾದರೂ ಆಯಿತು. ಬರೆಯಲು ಬಾರದ ಅಜ್ಜಿಯ ಮಾತನ್ನು ಮೊಮ್ಮಗ ಮೊಬೈಲಿನಲ್ಲಿ ಹಿಡಿದು ಕಳಿಸಿದರೂ ಆಯಿತು, ನಾವು ಕೂತು ಬರೆದುಕೊಳ್ಳುತ್ತೇವೆ. ಹೆಸರು ಅಜ್ಜಿಯದೇ ಇರುತ್ತದೆ, ಸಂಭಾವನೆಯೂ ಅವರದೇ.